ಕಲ್ಲಿನಿಂದ ಹೊರಟ ಗಾಳಿ

ಎಸ್ಸೆಸ್ಸೆಲ್ಸಿ ವಿಜ್ಞಾನದ ಉತ್ತರಪತ್ರಿಕೆ ತಿದ್ದಿದ ಯಾವ ಮೇಷ್ಟ್ರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಈ ವಾಕ್ಯವನ್ನು ತಡವರಿಸದೆ ಹೇಳುತ್ತಾರೆ: ಒಂದೇ ಪ್ರತಿವರ್ತಕ ಒಡೆದು ಎರಡು ಅಥವಾ ಅದಕ್ಕಿಂತ ಹೆಚ್ಚು ಸರಳ ಉತ್ಪನ್ನಗಳಾಗುವ ಕ್ರಿಯೆಯೇ ರಾಸಾಯನಿಕ ವಿಭಜನೆ. ಕೆಳಗೆ ಸುಣ್ಣದ ಕಲ್ಲಿನ ಸಮೀಕರಣ. ಬಾಣದ ಮೇಲೆ 'ಉಷ್ಣ' ಎಂಬ ಪುಟ್ಟ ಬರಹ. ಎರಡು ಅಂಕ. ಮೌಲ್ಯಮಾಪನ ಕೇಂದ್ರದ ಬೆಂಚಿನ ಮೇಲೆ, ತಿರುಗಿಯೂ ಗಾಳಿ ಕೊಡದ ಫ್ಯಾನಿನ ಕೆಳಗೆ ಕೂತು ಇಂಥ ಉತ್ತರಗಳಿಗೆ ಕೆಂಪು ಗುರುತು ಹಾಕುತ್ತ ಎಷ್ಟೋ ಬೇಸಿಗೆ ಕಳೆದಿದ್ದೇನೆ. ಉತ್ತರದಲ್ಲಿ ತಪ್ಪಿಲ್ಲ, ಅಂಕ ಕೊಡದೆ ಇರುವಂತಿಲ್ಲ. ಆದರೆ ಬರೆದ ಹುಡುಗನಿಗೆ ಸಂಗತಿ ಅರ್ಥವಾಗಿದೆಯೋ ಇಲ್ಲವೋ ಎಂಬುದು ಆ ಎರಡು ಸಾಲಿನಲ್ಲಿ ಕಾಣುವುದಿಲ್ಲ.

ಅದನ್ನು ಕಾಣಬೇಕೆಂದು ನಾನು ತರಗತಿಯಲ್ಲಿ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ಒಡೆಯುವ ಖರ್ಚು ಯಾರದು? ಪ್ರನಾಳದ ತಳದಲ್ಲಿ ಉಳಿದದ್ದು ಇಷ್ಟಾದರೆ, ಮಿಕ್ಕಿದ್ದು ಎಲ್ಲಿಗೆ ಹೋಯಿತು? ಪಠ್ಯಪುಸ್ತಕ ಮೊದಲನೆಯದನ್ನು ಒಂದು ವಾಕ್ಯದಲ್ಲಿ ಮುಗಿಸುತ್ತದೆ. ಎರಡನೆಯದನ್ನು ಒಂದು ಮೇಲುಮುಖದ ಬಾಣದಲ್ಲಿ ಮುಗಿಸುತ್ತದೆ. ನನಗೆ ಈ ಪ್ರಶ್ನೆಗಳು ಹುಟ್ಟಿದ್ದು ಪುಸ್ತಕ ಓದಿ ಅಲ್ಲ, ಸುಣ್ಣ ಸುಡುವುದನ್ನು ನೋಡಿ.

ನನ್ನ ಊರು ಕುಮಟಾ ಕಡೆ, ಅಘನಾಶಿನಿ ಅಳಿವೆಯ ದಂಡೆ. ಇಳಿತದ ಹೊತ್ತಿಗೆ ಹೆಂಗಸರು ನೀರಿಗಿಳಿದು ಬೆಳಚು ಹೆಕ್ಕುತ್ತಿದ್ದರು. ತಿಂದು ಬಿಸುಟ ಚಿಪ್ಪು, ಅದರ ಜೊತೆಗೆ ಹೊಳೆಯ ತಳದಿಂದ ತೆಗೆದ ಹಳೆಯ ಚಿಪ್ಪು ದೋಣಿಯಲ್ಲಿ ಬಂದು ದಂಡೆಯ ಮೇಲೆ ರಾಶಿ ಬೀಳುತ್ತಿತ್ತು. ಅಲ್ಲೇ ಸುಣ್ಣದ ಗೂಡು. ಕೆಂಪುಕಲ್ಲಿನಲ್ಲಿ ಕಟ್ಟಿ ಮಣ್ಣು ಮೆತ್ತಿದ, ದೊಡ್ಡವರ ಎದೆಮಟ್ಟದ ದುಂಡನೆಯ ಗೂಡು. ಒಂದು ಪದರ ಇದ್ದಿಲು, ಒಂದು ಪದರ ಚಿಪ್ಪು, ಮತ್ತೆ ಇದ್ದಿಲು, ಮತ್ತೆ ಚಿಪ್ಪು ಎಂದು ಬಾಯಿತನಕ ತುಂಬುತ್ತಿದ್ದರು. ಬುಡದಲ್ಲೊಂದು ಕಿಂಡಿ, ಆ ಕಿಂಡಿಗೆ ಕೈಯಲ್ಲಿ ತಿರುಗಿಸುವ ಗಾಳಿಚಕ್ರ. ಆ ಚಕ್ರ ತಿರುಗಿಸಲು ನಮ್ಮಂಥ ಹುಡುಗರ ನಡುವೆ ಪೈಪೋಟಿ. ಸಂಬಳ ಎಂದರೆ ಬೆಲ್ಲದ ತುಂಡು.

ಬೆಂಕಿ ಹತ್ತಿಕೊಳ್ಳುವ ತನಕ ಹೊಗೆ. ಆಮೇಲೆ ಹೊಗೆಯೇ ಇಲ್ಲ. ಗೂಡಿನ ಬಾಯಲ್ಲಿ ತೆಳ್ಳಗಿನ ನೀಲಿ ಉರಿ, ಅದರಾಚೆ ಕಾಣುವ ತೆಂಗಿನ ಮರ ನೀರಿನಲ್ಲಿ ಕಂಡಂತೆ ಅಲುಗುತ್ತಿತ್ತು. ಆರಿದ ಮೇಲೆ ತೆಗೆದ ಚಿಪ್ಪಿಗೆ ಆಕಾರವೇನೂ ಕೆಟ್ಟಿರುತ್ತಿರಲಿಲ್ಲ. ಬೆನ್ನಿನ ಗೀರುಗಳು ಹಾಗೇ ಇರುತ್ತಿದ್ದವು. ಆದರೆ ಕೈಗೆತ್ತಿಕೊಂಡರೆ ಮೋಸ ಹೋದ ಹಾಗೆ ಅನಿಸುತ್ತಿತ್ತು, ಅಷ್ಟು ಹಗುರ. ಸುಡುವ ಮೊದಲು ಇಬ್ಬರು ಹಿಡಿದು ಎತ್ತುತ್ತಿದ್ದ ಬುಟ್ಟಿಯನ್ನು ಸುಟ್ಟ ಮೇಲೆ ಒಬ್ಬಳೇ ಹೆಂಗಸು ತಲೆಗೇರಿಸಿಕೊಂಡು ಹೋಗುತ್ತಿದ್ದಳು. ಆ ಚಿಪ್ಪಿಗೆ ನೀರು ಚಿಮುಕಿಸಿದರೆ ನೋಡಬೇಕು: ಚಟಚಟ ಸದ್ದು, ಭುಗಿಲೆಂದು ಹಬೆ, ಕಣ್ಣೆದುರೇ ಉಬ್ಬಿ ಬಿರಿದು ಹಿಟ್ಟಾಗಿ ಕುಸಿಯುತ್ತಿತ್ತು. ಒಲೆಯಿಲ್ಲ, ಬೆಂಕಿಯಿಲ್ಲ, ತಣ್ಣೀರು ಬಿದ್ದರೆ ಕುದಿ!

ಗೂಡು ನೋಡಿಕೊಳ್ಳುತ್ತಿದ್ದ ಮುದುಕರನ್ನು ನಾವು ಗೂಡಿನಜ್ಜ ಎನ್ನುತ್ತಿದ್ದೆವು. ಭಾರ ಎಲ್ಲಿಗೆ ಹೋಯಿತು ಅಜ್ಜಾ ಎಂದರೆ, "ಕಿಚ್ಚು ತಿಂತು." ನೀರು ಹಾಕಿದರೆ ಯಾಕೆ ಕುದೀತದೆ ಎಂದರೆ, "ತಿಂದ ಕಿಚ್ಚು ಒಳಗೇ ಹೊಕ್ಕಿ ಕೂತದೆ, ನೀರು ಬಿದ್ದರೆ ಹೊರಗೆ ಬತ್ತದೆ ನೋಡು." ಎರಡು ಉತ್ತರವೂ ಒಂದಕ್ಕೊಂದು ಹೊಂದಿಕೊಂಡೇ ಇದ್ದವು. ಇನ್ನೊಂದು ಮಾತನ್ನು ಅವರು ಕಾರಣ ಹೇಳದೆ, ಗದರಿಸಿಯೇ ಹೇಳುತ್ತಿದ್ದರು. ಚಳಿಗಾಲದಲ್ಲಿ ಬೆಚ್ಚಗಿದೆಯೆಂದು ಗೂಡಿನ ಬದಿಯ ತಗ್ಗಿನಲ್ಲಿ ಯಾರೂ ಮಲಗಕೂಡದು. ಮಲಗಿದವ ಏಳುವುದಿಲ್ಲ. ನಾವು ಅದನ್ನು ದೆವ್ವದ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆವು.

ಗೂಡಿನಜ್ಜನ ಸಿದ್ಧಾಂತಕ್ಕೆ ಯೂರೋಪಿನಲ್ಲೂ ದೊಡ್ಡ ದೊಡ್ಡ ಅನುಯಾಯಿಗಳಿದ್ದರು ಎಂದು ತಿಳಿದದ್ದು ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ. ಸುಟ್ಟ ಸುಣ್ಣ ನಾಲಿಗೆಯನ್ನು ಸುಡುವುದು ಯಾಕೆಂದರೆ ಸುಡುವಾಗ ಬೆಂಕಿಯ ಅಂಶ ಅದರೊಳಗೆ ಸೇರಿಕೊಂಡಿರುತ್ತದೆ ಎಂದು ಅಲ್ಲಿನ ಪಂಡಿತರೂ ನಂಬಿದ್ದರು. ಅದನ್ನು ಅಲುಗಿಸಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ವೈದ್ಯಕೀಯ ಓದುತ್ತಿದ್ದ ಹುಡುಗ. ಮೂತ್ರಕೋಶದ ಕಲ್ಲಿಗೆ ಆಗ ಸುಣ್ಣದ ತಿಳಿ ಕುಡಿಸುತ್ತಿದ್ದರಂತೆ. ಅದಕ್ಕಿಂತ ಮೃದುವಾದ ಮದ್ದು ಹುಡುಕಲು ಹೊರಟವನು ತಕ್ಕಡಿ ಹಿಡಿದು ಕೂತ. 1756ರಲ್ಲಿ ಅವನು ಪ್ರಕಟಿಸಿದ ಪ್ರಬಂಧದ ಸಾರ ಇಷ್ಟು: ಸುಟ್ಟಾಗ ಕಲ್ಲಿಗೆ ಏನೂ ಸೇರುವುದಿಲ್ಲ, ಕಲ್ಲಿನಿಂದ ಒಂದು ಗಾಳಿ ಹೊರಟುಹೋಗುತ್ತದೆ. ಎಷ್ಟು ತೂಕ ಕಡಿಮೆಯಾಯಿತೋ ಅದು ಆ ಗಾಳಿಯ ತೂಕ. ಅದೇ ಗಾಳಿಯನ್ನು ಮರಳಿ ಕೊಟ್ಟರೆ ಮೊದಲಿನ ಪದಾರ್ಥವೂ ಮೊದಲಿನ ತೂಕವೂ ಮರಳುತ್ತವೆ. ಇವತ್ತು ಅದನ್ನು ಕಾರ್ಬನ್ ಡೈಆಕ್ಸೈಡ್ ಎನ್ನುತ್ತೇವೆ. ನೂರು ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟಿನಿಂದ 56 ಗ್ರಾಂ ಸುಟ್ಟ ಸುಣ್ಣ, 44 ಗ್ರಾಂ ಗಾಳಿ. ನಮ್ಮೂರ ಹೆಂಗಸಿನ ತಲೆಯ ಮೇಲಿನ ಬುಟ್ಟಿ ಹಗುರಾಗಿದ್ದರ ಲೆಕ್ಕ ಕೊನೆಗೂ ಸಿಕ್ಕಿತ್ತು. ಆ ಗಾಳಿ ನಾವು ಉಸಿರಾಡುವ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ಮಡುಗಟ್ಟುತ್ತದೆ ಎಂದು ಓದಿದಾಗ ತಗ್ಗಿನ ದೆವ್ವದ ಗುರುತೂ ಸಿಕ್ಕಿತು. ಅರೆಬೆಂದ ಇದ್ದಿಲಿನ ಕಾರ್ಬನ್ ಮೊನಾಕ್ಸೈಡೂ ಅದರ ಜೊತೆಗಾರ.

ಮೇಷ್ಟ್ರ ಕೆಲಸ ಸಿಕ್ಕಿದ್ದು ಆಗಿನ ಗುಲ್ಬರ್ಗಾ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ. ಕಡಲ ದಂಡೆಯವನಿಗೆ ಆ ಸೀಮೆ ಮೊದಲಿಗೆ ಬರೀ ಬಿಸಿಲಾಗಿ ಕಂಡಿತು. ಕಣ್ಣು ಹೊಂದಿಕೊಂಡ ಮೇಲೆ ಬರೀ ಕಲ್ಲಾಗಿ ಕಂಡಿತು. ನೆಲಕ್ಕೆ ಪರಸಿ ಕಲ್ಲು, ಮಾಡಿಗೆ ಪರಸಿ ಕಲ್ಲು, ಹೊಲದ ಬದುವಿಗೆ ನಿಲ್ಲಿಸಿದ್ದು ಪರಸಿ ಕಲ್ಲು. ಕರ್ನಾಟಕದ ಮನೆಮನೆಯೂ ಶಹಾಬಾದ್ ಕಲ್ಲೆಂದು ಹಾಸಿಕೊಂಡಿರುವುದು ಇದೇ. ಅದು ಸುಣ್ಣದ ಕಲ್ಲಿನ ಜಾತಿ ಎಂಬುದು ಅಡುಗೆಮನೆಯಲ್ಲಿ ಲಿಂಬೆಹುಳಿ ಚೆಲ್ಲಿ ನೆಲದ ಹೊಳಪು ಕಳೆದುಕೊಂಡವರಿಗೆಲ್ಲ ಗೊತ್ತಿರಬೇಕು. ಶಾಲೆಯ ಕಿಟಕಿಯಿಂದ ನೋಡಿದರೆ ದಿಗಂತದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ. ಅರ್ಧ ತರಗತಿಯ ಅಪ್ಪಂದಿರು ಖಣಿಯಲ್ಲೋ ಕಾರ್ಖಾನೆಯಲ್ಲೋ ದುಡಿಯುವವರು. ಸುಣ್ಣದ ಕಲ್ಲಿನ ವಿಭಜನೆ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಇರಲಾರದು ಎಂದುಕೊಂಡೆ.

ಆದರೆ ನಮ್ಮ ಪ್ರಯೋಗಶಾಲೆಯಲ್ಲಿ ಇದ್ದದ್ದು ಸ್ಪಿರಿಟ್ ಲ್ಯಾಂಪು. ಮಕ್ಕಳು ಅಂಗಳದಿಂದಲೇ ಒಂದು ಚಕ್ಕೆ ಕಲ್ಲು ಆರಿಸಿ ತಂದರು. ಇಕ್ಕಳದಲ್ಲಿ ಹಿಡಿದು ಪಾಠದ ಅವಧಿ ಮುಗಿಯುವ ತನಕ ಕಾಸಿದೆವು. ಕಲ್ಲು ಕಪ್ಪಾಯಿತು, ಬಿಸಿಯಾಯಿತು, ಆರಿತು. "ಏನೂ ಆಗಲಿಲ್ಲಲ್ಲರಿ ಸರ" ಎಂದು ಹಿಂದಿನ ಸಾಲಿನಿಂದ ಒಂದು ದನಿ. ಆಗಬಾರದ್ದೇ ಸರಿ. ಪುಸ್ತಕದಲ್ಲಿ ಬಾಣದ ಮೇಲೆ ಅಷ್ಟು ಚಿಕ್ಕದಾಗಿ ಬರೆದ 'ಉಷ್ಣ' ಎಂದರೆ ಸುಮಾರು 900 ಡಿಗ್ರಿ ಸೆಲ್ಸಿಯಸ್. ಕಲ್ಲು ಪೂರ್ತಿ ಅಷ್ಟು ಕೆಂಪಗೆ ಕಾದು, ಕಾದೇ ಇರಬೇಕು. ಅಲ್ಲಿಂದ ಮುಂದೆಯೂ ಖರ್ಚು ನಿಲ್ಲುವುದಿಲ್ಲ. ನೂರು ಗ್ರಾಂ ಕಲ್ಲು ಒಡೆಯಲು 178 ಕಿಲೋಜೂಲ್ ಶಕ್ತಿ ಬೇಕು. ಅರ್ಧ ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಸುವಷ್ಟು ಶಕ್ತಿ ಅದು, ಕಲ್ಲನ್ನು ಆ ಬಿಸಿಗೆ ಏರಿಸಿದ ಖರ್ಚು ಬೇರೆ. ಪ್ರಯೋಗಶಾಲೆ ಸೋತಲ್ಲಿ ಊರು ಇದೆಯಲ್ಲ. ನಾವು ಕಂಬಾರರ ಕುಲುಮೆಗೆ ಹೋದೆವು.

ಅದಕ್ಕೂ ಮೊದಲು ಪತ್ತಾರರ ಅಂಗಡಿ. ಚಿನ್ನ ತೂಗುವ ತಕ್ಕಡಿಯಲ್ಲಿ ಅಂಗಳದ ಕಲ್ಲನ್ನಿಟ್ಟು ತೂಗಬೇಕೆಂದಾಗ ಪತ್ತಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಕ್ಕಳ ಮುಖ ನೋಡಿ ಒಪ್ಪಿದರು. ಬೆಂಕಿಪೊಟ್ಟಣದಷ್ಟು ದೊಡ್ಡ ತುಂಡು, 50 ಗ್ರಾಂಗೆ ಸರಿಯಾಗಿ ಅಂಚು ತೇಯ್ದು ಸಿದ್ಧಮಾಡಿಕೊಂಡಿದ್ದೆವು. ಕಂಬಾರರು ಅದನ್ನು ಕುಲುಮೆಯ ನಡುವೆ ಹೂತು ತಿದಿಯಿಂದ ಗಾಳಿ ಹಾಕತೊಡಗಿದರು. ಅವರಿಗೆ ಕುಡುಗೋಲು ಹದ ಹಾಕುವ ಕೆಲಸವಿತ್ತು. ಅದರ ಪಕ್ಕದಲ್ಲೇ ನಮ್ಮ ಕಲ್ಲೂ ಬೇಯಿತು. ಸಂಜೆಗೆ ಇಕ್ಕಳದಲ್ಲಿ ಹೊರಬಂದದ್ದು ಬೂದುಬಣ್ಣ ಕಳೆದು ಬೆಳ್ಳಗಾದ, ಅಲ್ಲಲ್ಲಿ ಬಿರುಕುಬಿಟ್ಟ ತುಂಡು. ಆರಲು ಬಿಟ್ಟು, ಬೂದಿ ಊದಿ, ಮತ್ತೆ ಪತ್ತಾರರ ಅಂಗಡಿಗೆ ಮೆರವಣಿಗೆ. ಸುಮಾರು 31 ಗ್ರಾಂ.

ಮಕ್ಕಳಿಗೆ ಆದ ಬೆರಗಿಗಿಂತ ಪತ್ತಾರರಿಗೆ ಆದ ಕಳವಳ ಹೆಚ್ಚು. ಐವತ್ತು ಗ್ರಾಂ ಕಾಸಿದರೆ ಐವತ್ತೇ ಉಳಿಯಬೇಕಾದ ವ್ಯಾಪಾರ ಅವರದು. ನಮಗೆ ಬೇರೆ ತಲೆನೋವು. ಪುಸ್ತಕದ ಲೆಕ್ಕದಲ್ಲಿ 28 ಆಗಬೇಕಿತ್ತು, ಮೂರು ಗ್ರಾಂ ಹೆಚ್ಚಿಗೆ ಉಳಿದಿತ್ತು. ಅದರ ಮೇಲೆ ಮರುದಿನದ ಅವಧಿ ಪೂರ್ತಿ ಚರ್ಚೆ. ಪರಸಿ ಕಲ್ಲು ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟ್ ಅಲ್ಲ, ಅದರಲ್ಲಿ ಜೇಡಿ ಇದೆ, ಮರಳಿನ ಅಂಶ ಇದೆ. ಅವು ಹಾರಿಹೋಗುವುದಿಲ್ಲ. ತುಂಡಿನ ನಡುಭಾಗ ಬೆಂದಿರಲಿಕ್ಕಿಲ್ಲ ಎಂದು ಖಣಿ ಕೆಲಸದವನ ಮಗನೊಬ್ಬ ಹೇಳಿದ. ಒಡೆದು ನೋಡಿದರೆ ನಿಜವಾಗಿಯೂ ನಡುವೆ ಒಂದು ಬೂದುಬಣ್ಣದ ತಿರುಳು ಇತ್ತು. ಸರಿಯಾದ ಉತ್ತರ ಬಂದಿದ್ದರೆ ಅಷ್ಟೊಂದು ಕಲಿಯುತ್ತಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

ಆ ದಿನದ ದೊಡ್ಡ ಪ್ರಶ್ನೆ ಬಂದದ್ದು ಮಾತೇ ಆಡದ ಒಬ್ಬ ಹುಡುಗಿಯಿಂದ. "ಅಷ್ಟು ಗಾಳಿ ಕಲ್ಲಿನಾಗ ಎಲ್ಲಿ ಕುಂತಿತ್ತರಿ ಸರ?" ಲೆಕ್ಕ ಹಾಕಿ ತೋರಿಸಿದೆ. 50 ಗ್ರಾಂ ಶುದ್ಧ ಕಲ್ಲಿನಿಂದ 22 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಡುತ್ತದೆ, ಕೋಣೆಯ ಉಷ್ಣತೆಯಲ್ಲಿ ಅದು ಹಿಡಿಯುವ ಜಾಗ ಸುಮಾರು 12 ಲೀಟರ್. ಒಂದು ಬಕೆಟ್ ತುಂಬುವ ಗಾಳಿ ಬೆಂಕಿಪೊಟ್ಟಣದಷ್ಟು ಕಲ್ಲಿನಲ್ಲಿ! ಲೆಕ್ಕ ಹೇಳಿದ್ದರಿಂದ ಅವಳ ಪ್ರಶ್ನೆ ಇನ್ನೂ ದೊಡ್ಡದಾಯಿತೇ ಹೊರತು ಕರಗಲಿಲ್ಲ.

ಉತ್ತರ ಇರುವುದು ಇಲ್ಲಿ. ಕಲ್ಲಿನಲ್ಲಿ ಸುಣ್ಣವೂ ಗಾಳಿಯೂ ಅಕ್ಕಪಕ್ಕ ಕೂತಿರುವುದಿಲ್ಲ. ಕಲ್ಲಿನ ಹರಳಿನಲ್ಲಿ ಇರುವುದು ಕ್ಯಾಲ್ಸಿಯಂ ಅಯಾನುಗಳು, ಮತ್ತು ಒಂದು ಕಾರ್ಬನ್ನಿಗೆ ಮೂರು ಆಕ್ಸಿಜನ್ ಅಂಟಿದ ಕಾರ್ಬೋನೇಟ್ ಅಯಾನುಗಳು. ಹರಳು ಕೆಂಪಗೆ ಕಾದು ತತ್ತರಿಸುವಾಗ ಒಂದೊಂದೇ ಕಾರ್ಬೋನೇಟು ಹರಿಯುತ್ತದೆ. ಒಂದು ಆಕ್ಸಿಜನ್ ಕ್ಯಾಲ್ಸಿಯಮ್ಮಿನ ಜೊತೆ ಉಳಿಯುತ್ತದೆ, ಎರಡು ಆಕ್ಸಿಜನ್ ಕಾರ್ಬನ್ನಿನ ಜೊತೆ ಹೊರಡುತ್ತವೆ. ಆ ಕ್ಷಣಕ್ಕೆ ಮೊದಲು ಅಲ್ಲಿ ಕಾರ್ಬನ್ ಡೈಆಕ್ಸೈಡ್ ಎಂಬುದು ಇರಲೇ ಇಲ್ಲ. ಅದು ಹೊರಟಾಗಲೇ ಹುಟ್ಟಿದ್ದು. ವಿಭಜನೆ ಎಂದಕೂಡಲೇ ಮಕ್ಕಳು ಗಂಟು ಬಿಚ್ಚಿ ಒಳಗಿದ್ದದ್ದನ್ನು ಹೊರಗೆ ತೆಗೆದಂತೆ ಚಿತ್ರ ಬರೆದುಕೊಳ್ಳುತ್ತಾರೆ. ಸಮೀಕರಣದ ಬಲಗಡೆ ಇರುವುದೆಲ್ಲ ಎಡಗಡೆ ಅಡಗಿತ್ತು ಎಂದುಕೊಳ್ಳುತ್ತಾರೆ. ಅಡಗಿದ್ದದ್ದು ಪರಮಾಣುಗಳು ಮಾತ್ರ. ನೀರನ್ನು ವಿದ್ಯುತ್ತಿನಿಂದ ಒಡೆದಾಗಲೂ ಇದೇ ಮಾತು. ಬ್ಯಾಟರಿಗೆ ಜೋಡಿಸಿದ ಎರಡು ಪೆನ್ಸಿಲ್ ಕಡ್ಡಿಯ ಮೇಲೆ ಗುಳ್ಳೆ ಎದ್ದು, ಒಂದು ಪ್ರನಾಳದಲ್ಲಿ ಇನ್ನೊಂದಕ್ಕಿಂತ ಎರಡರಷ್ಟು ಅನಿಲ ತುಂಬುವುದನ್ನು ನೋಡಿ ಮಕ್ಕಳು ಕುಣಿಯುತ್ತಾರೆ. ಆ ಹೈಡ್ರೋಜನ್ ಅನಿಲ ನೀರಿನಲ್ಲಿ ಅನಿಲವಾಗಿ ಇದ್ದದ್ದಲ್ಲ ಎಂದು ಬಿಡಿಸಿ ಹೇಳದಿದ್ದರೆ ಕುಣಿತವಷ್ಟೇ ಉಳಿಯುತ್ತದೆ.

ಸುಟ್ಟ ತುಂಡಿಗೆ ನೀರು ಚಿಮುಕಿಸಿದಾಗ ಸೇಡಂನಲ್ಲೂ ಅದೇ ಹಬೆ, ಅದೇ ಚಟಚಟ. ಗೂಡಿನಜ್ಜನ ಮಾತು ನೆನಪಾಯಿತು. ಕಿಚ್ಚು ಒಳಗೆ ಹೊಕ್ಕಿದೆ ಎಂದಿದ್ದರಲ್ಲ? ಬ್ಲ್ಯಾಕ್ ಅದನ್ನು ಅಲ್ಲಗಳೆದ, ತೂಕದ ಲೆಕ್ಕದಲ್ಲಿ ಅವನೇ ಸರಿ. ಶಕ್ತಿಯ ಲೆಕ್ಕಕ್ಕೆ ಬಂದರೆ ಮುದುಕರನ್ನು ಅಷ್ಟು ಸುಲಭವಾಗಿ ಬಿಡಲಾಗುವುದಿಲ್ಲ. ಬೋರ್ಡಿನ ಮೇಲೆ ಜಮಾಖರ್ಚು ಬರೆದೆ. ನೂರು ಗ್ರಾಂ ಕಲ್ಲು ಒಡೆಯಲು ಖರ್ಚು 178 ಕಿಲೋಜೂಲ್. ಬಂದ ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಜಮಾ 65. ಆ ಅರಳಿದ ಸುಣ್ಣವನ್ನು ಗೋಡೆಗೆ ಬಳಿದು ಬಿಟ್ಟರೆ, ಅದು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು, ನೀರು ಬಿಟ್ಟುಕೊಟ್ಟು, ಮತ್ತೆ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ. ಆಗ ಜಮಾ 113. ಕೂಡಿದರೆ 178. ಇದ್ದಿಲು ಕೊಟ್ಟ ಸಾಲ ಒಂದು ಪೈಸೆಯೂ ಮುಳುಗಿಲ್ಲ. ಗಡಿಬಿಡಿಯಲ್ಲಿ ಬಂದ 65 ಕಣ್ಣಿಗೆ ಕಂಡಿತು. 113 ಎಷ್ಟು ನಿಧಾನವಾಗಿ ಬಂದಿತೆಂದರೆ, ಸುಣ್ಣ ಬಳಿದ ಗೋಡೆಗೆ ಬೆನ್ನು ಕೊಟ್ಟು ಕೂತವರಿಗೂ ಗೊತ್ತಾಗಲಿಲ್ಲ.

ಕುಲುಮೆಯಲ್ಲಿ ಗಾಳಿ ಊದುವ ತಿದಿಯ ಕೆಲಸ ಬೆಂಕಿ ಉರಿಸುವುದು ಮಾತ್ರ ಎಂದು ನಾನೂ ಬಹಳ ಕಾಲ ಅಂದುಕೊಂಡಿದ್ದೆ. ಅದಕ್ಕೆ ಇನ್ನೊಂದು ಕೆಲಸವಿದೆ. ಹುಟ್ಟಿದ ಕಾರ್ಬನ್ ಡೈಆಕ್ಸೈಡನ್ನು ಕಲ್ಲಿನ ಮೈಮೇಲಿಂದ ಸರಿಸುತ್ತ ಹೋಗುವುದು. ಸರಿಸದಿದ್ದರೆ ಅದು ಸುಣ್ಣವನ್ನು ಮತ್ತೆ ಹಿಡಿದುಕೊಳ್ಳುತ್ತದೆ. ಇದನ್ನು ಹಟಹಿಡಿದು ತೋರಿಸಿದವನು ಸ್ಕಾಟ್ಲೆಂಡಿನವನೇ, ಸರ್ ಜೇಮ್ಸ್ ಹಾಲ್. 19ನೆಯ ಶತಮಾನದ ಆರಂಭದಲ್ಲಿ ಅವನು ಸೀಮೆಸುಣ್ಣದ ಪುಡಿಯನ್ನು ಬಂದೂಕಿನ ನಳಿಗೆಯಲ್ಲಿ ತುಂಬಿ, ಗಾಳಿ ಹೊರಹೋಗದಂತೆ ಬಾಯಿ ಮುಚ್ಚಿ, ಕೆಂಪಗೆ ಕಾಸಿದ. ಹಲವು ನಳಿಗೆಗಳು ಸಿಡಿದುಹೋದವು. ಸಿಡಿಯದೆ ಉಳಿದವುಗಳಲ್ಲಿ ಸಿಕ್ಕಿದ್ದು ಸುಟ್ಟ ಸುಣ್ಣ ಆಗಿರಲಿಲ್ಲ, ಅಮೃತಶಿಲೆಯಂಥ ಗಟ್ಟಿ ಕಲ್ಲು. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಎಷ್ಟು ಕಾಸಿದರೂ ಒಡೆಯುವ ಕ್ರಿಯೆ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಹೋಗಲು ದಾರಿ ಇದ್ದರೆ, ಶಕ್ತಿಯಲ್ಲಿ ನಷ್ಟವಾದರೂ ಕ್ರಿಯೆ ಮುಂದೆ ಸಾಗುತ್ತದೆ. ಹರಳಿನಲ್ಲಿ ಕಟ್ಟಿಹಾಕಿದ್ದದ್ದು ಅನಿಲವಾಗಿ ಚದುರಿಹೋಗುವ ಸ್ವಾತಂತ್ರ್ಯಕ್ಕೆ ಪ್ರಕೃತಿಯಲ್ಲಿ ಬೆಲೆ ಇದೆ, ಬಿಸಿ ಏರಿದಷ್ಟೂ ಆ ಬೆಲೆ ಏರುತ್ತದೆ. ಪಿಯುಸಿಯಲ್ಲಿ ಎಂಟ್ರೊಪಿ ಎಂಬ ಹೆಸರಿನಲ್ಲಿ ಬಂದು ಮಕ್ಕಳನ್ನು ಹೆದರಿಸುವುದು ಇದೇ. ಹತ್ತನೆಯ ತರಗತಿಯಲ್ಲಿ ಹೆಸರು ಬೇಕಿಲ್ಲ, ತಿದಿ ಸಾಕು.

ಉಳಿದ ಪ್ರಯೋಗಗಳನ್ನು ಎಲ್ಲ ಶಾಲೆಗಳಂತೆ ನಾವೂ ಮಾಡಿದೆವು. ಫೆರಸ್ ಸಲ್ಫೇಟ್, ಅಂದರೆ ಊರಿನ ಅನ್ನಭೇದಿ. ಕಾಸಿದರೆ ಹಸಿರು ಹೋಗಿ ಕಂದು ಬರುತ್ತದೆ, ಗಂಧಕ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ನಡುವೆ ಹರಳು ಬೆಳ್ಳಗಾಗುವ ಒಂದು ಹಂತವಿದೆ, ಅದು ಹರಳಿನ ನೀರು ಹೊರಡುವ ಹೊತ್ತು. ಅವಸರದ ಮೇಷ್ಟ್ರು ದೀಪ ದೊಡ್ಡದು ಮಾಡಿ ಅದನ್ನು ತಪ್ಪಿಸಿಬಿಡುತ್ತಾರೆ. ಲೆಡ್ ನೈಟ್ರೇಟ್ ಪಟಪಟನೆ ಸಿಡಿದು ಕಂದು ಹೊಗೆ ಬಿಡುತ್ತದೆ. ಮಕ್ಕಳು ಆ ಕಂದು ನೈಟ್ರೋಜನ್ ಡೈಆಕ್ಸೈಡನ್ನು ಬರೆಯುತ್ತಾರೆ, ತಳದಲ್ಲಿ ಉಳಿದ ಹಳದಿ ಲೆಡ್ ಆಕ್ಸೈಡನ್ನು ಬರೆಯುತ್ತಾರೆ, ಬಣ್ಣವಿಲ್ಲದ ಆಕ್ಸಿಜನ್ನನ್ನು ಮರೆಯುತ್ತಾರೆ. ಆಮೇಲೆ ಸಮೀಕರಣ ಸರಿದೂಗುವುದಿಲ್ಲ ಎಂದು ಅಳುತ್ತಾರೆ. ಬಿಸಿಲಿಗಿಟ್ಟ ಸಿಲ್ವರ್ ಕ್ಲೋರೈಡ್ ಬೂದುಬಣ್ಣಕ್ಕೆ ತಿರುಗುವುದನ್ನೂ ಕಂಡೆವು. ಸೇಡಂ ಬಿಸಿಲಿಗೆ ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ನನಗೆ ಹೆಚ್ಚು ಕೆಲಸ ಕೊಟ್ಟದ್ದು ಅಮೋನಿಯಂ ಡೈಕ್ರೋಮೇಟ್. ಕಿತ್ತಳೆ ಬಣ್ಣದ ಪುಡಿಯ ಗುಡ್ಡೆಗೆ ಕಡ್ಡಿ ಗೀರಿ ಮುಟ್ಟಿಸಿದರೆ, ಕಿಡಿ ಉಗುಳುತ್ತ ತಾನೇ ಉರಿದು ಹಸಿರು ಬೂದಿಯ ಜ್ವಾಲಾಮುಖಿಯಾಗುತ್ತಿತ್ತು. ಆಗಿನ ವಿಜ್ಞಾನ ಪ್ರದರ್ಶನಗಳ ರಾಜ ಅದು. ಕ್ರೋಮಿಯಂ ಅಂಥ ರೂಪದಲ್ಲಿ ಕ್ಯಾನ್ಸರ್ ತರುವ ವಿಷ, ಈಗ ಮಕ್ಕಳ ಹತ್ತಿರ ಅದನ್ನು ತರಬಾರದು. ಅದನ್ನು ನೋಡಿ ಹುಡುಗನೊಬ್ಬ ಕೇಳಿದ ಪ್ರಶ್ನೆ ಮಾತ್ರ ಹಳೆಯದಾಗಿಲ್ಲ. "ಕಲ್ಲಿಗೆ ಕಡೀತನಕ ಬೆಂಕಿ ಬೇಕಾತು. ಇದಕ ಕಡ್ಡಿ ಒಂದೇ ಸಾಕಾತಲ್ಲರಿ ಸರ, ಯಾಕ?" ವಿಭಜನೆಗೆ ಶಕ್ತಿ ಬೇಕು ಎಂದು ಪುಸ್ತಕ ಹೇಳುತ್ತದೆ. ಹಾಗಾದರೆ ಇದು?

ಬಂಧ ಮುರಿಯುವುದಕ್ಕೆ ಯಾವಾಗಲೂ ಖರ್ಚೇ. ಮುರಿದ ಪರಮಾಣುಗಳು ಮತ್ತೆ ಹೊಸದಾಗಿ ಕೂಡಿಕೊಳ್ಳುವಾಗ ಯಾವಾಗಲೂ ಆದಾಯವೇ. ಯಾವುದು ಹೆಚ್ಚು ಎಂಬುದು ಆಯಾ ಪದಾರ್ಥದ ಹಣೆಬರಹ. ಸುಣ್ಣದ ಕಲ್ಲಿನಲ್ಲಿ ಖರ್ಚೇ ಮೇಲು. ಅಮೋನಿಯಂ ಡೈಕ್ರೋಮೇಟಿನಲ್ಲಿ ನೈಟ್ರೋಜನ್ ಅನಿಲವೂ ನೀರಿನ ಹಬೆಯೂ ಹುಟ್ಟುತ್ತವೆ. ಎರಡು ನೈಟ್ರೋಜನ್ ಪರಮಾಣುಗಳು ಜೋಡಿಯಾದಾಗ ಅವುಗಳ ನಡುವಿನ ಬಂಧ ಮೋಲಿಗೆ 945 ಕಿಲೋಜೂಲ್, ರಸಾಯನಶಾಸ್ತ್ರದ ಅತಿ ಗಟ್ಟಿ ಬಂಧಗಳಲ್ಲಿ ಒಂದು. ಅಷ್ಟು ಆದಾಯ ಬಂದ ಮೇಲೆ ಪಕ್ಕದ ಹರಳನ್ನು ಒಡೆಯುವ ಖರ್ಚು ಅದರಲ್ಲೇ ನಡೆಯುತ್ತದೆ, ಬೆಂಕಿಕಡ್ಡಿ ಬರೀ ಮುಹೂರ್ತಕ್ಕೆ. ಗಾಯಕ್ಕೆ ಹಾಕಿದ ಹೈಡ್ರೋಜನ್ ಪೆರಾಕ್ಸೈಡ್ ನೊರೆಯೇಳುವುದೂ ಇಂಥದ್ದೇ, ಆದಾಯದ ಕಡೆಯ ವಿಭಜನೆ. ಹೊರಗಿನ ಬಿಸಿ ಬೇಡವೇ ಬೇಡ, ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ತಾಗಿದರೆ ಸಾಕು.

ಮಕ್ಕಳಿಗೆ ಈ ವ್ಯತ್ಯಾಸ ನಾನು ಹೇಳುವ ಮೊದಲೇ ಗೊತ್ತಿತ್ತು ಎನ್ನಬೇಕು. ಖಣಿಯಲ್ಲಿ ಮಧ್ಯಾಹ್ನ ಸಿಡಿತದ ಹೊತ್ತಿಗೆ ಸೈರನ್ ಕೂಗಿ, ನಮ್ಮ ಶಾಲೆಯ ಕಿಟಕಿಗಳು ಗಡಗಡ ಅನ್ನುತ್ತಿದ್ದವು. ಸುಣ್ಣದ ಕಲ್ಲಿನ ಬಹಳ ಖಣಿಗಳಲ್ಲಿ ಬಂಡೆ ಸಿಡಿಸಲು ಬಳಸುವ ಮದ್ದಿನ ಮುಖ್ಯ ಸರಕು ಅಮೋನಿಯಂ ನೈಟ್ರೇಟ್, ಅದಕ್ಕೆ ಡೀಸೆಲ್ ಬೆರೆಸುವುದುಂಟು. ಹೊಲಕ್ಕೆ ಹಾಕಿದರೆ ಗೊಬ್ಬರ, ಮೆಲ್ಲಗೆ ಕಾಸಿದರೆ ನೈಟ್ರಸ್ ಆಕ್ಸೈಡ್ ಮತ್ತು ಹಬೆ, ಆಘಾತಕ್ಕೆ ಸಿಕ್ಕಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ನೈಟ್ರೋಜನ್, ಆಕ್ಸಿಜನ್, ಹಬೆ. ಖಣಿಯಲ್ಲಿ ಶಕ್ತಿ ಕೊಡುವ ಒಂದು ವಿಭಜನೆಯಿಂದ ಬಂಡೆ ಒಡೆದು, ಅದೇ ಬಂಡೆಯನ್ನು ಕಾರ್ಖಾನೆಯಲ್ಲಿ ಶಕ್ತಿ ತಿನ್ನುವ ಇನ್ನೊಂದು ವಿಭಜನೆಗೆ ಒಡ್ಡುತ್ತಾರೆ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ 2750 ಟನ್ ಅಮೋನಿಯಂ ನೈಟ್ರೇಟ್ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತಾಗ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ. ಈಗ ಅವನೂ ಖಣಿಯಲ್ಲಿದ್ದಾನೆ, ಸಿಡಿತದ ಉಸ್ತುವಾರಿ. "ಕಡ್ಡಿ ಒಂದೇ ಸಾಕಾತು ಅಂದಿದ್ದೆನಲ್ಲರಿ ಸರ" ಎಂದ. ಬೇರೇನೂ ಮಾತಾಡಲಿಲ್ಲ.

ಚಿಮಣಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕಾರ್ಖಾನೆ ಎಂದರೆ ಊರವರ ತಕರಾರೆಲ್ಲ ದೂಳಿನದು. ದೂಳು ಕಾಣುತ್ತದೆ, ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಕಾಣದೆ ಹೋಗುವುದರ ಲೆಕ್ಕ ಇನ್ನೂ ದೊಡ್ಡದು. ಒಂದು ಟನ್ ಶುದ್ಧ ಸುಣ್ಣದ ಕಲ್ಲು ಒಡೆದರೆ 440 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಕಲ್ಲಿದ್ದಲು ಉರಿಸಿದ್ದರಿಂದ ಬಂದದ್ದು ಅದರ ಹೊರಗಿನದು. ಸಿಮೆಂಟ್ ತಯಾರಿಕೆಯಲ್ಲಿ ಹೊರಬೀಳುವ ಒಟ್ಟು ಕಾರ್ಬನ್ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲಿನದೇ ಪಾಲು. ಕಲ್ಲಿದ್ದಲಿನ ಬದಲು ಬಿಸಿಲಿನಿಂದಲೋ ಗಾಳಿಯಂತ್ರದ ಕರೆಂಟಿನಿಂದಲೋ ಕಾಸಿದರೆ ಎಲ್ಲ ಸರಿಹೋಗುತ್ತದೆ ಎಂದು ಟೀವಿಯಲ್ಲಿ ಯಾರಾದರೂ ಹೇಳಿದಾಗ ನನಗೆ ಸಮೀಕರಣದ ಬಲಗಡೆ ನೆನಪಾಗುತ್ತದೆ. ಬಾಣದ ಮೇಲಿನ ಉಷ್ಣವನ್ನು ಎಲ್ಲಿಂದಲಾದರೂ ತರಬಹುದು, ಬಾಣದ ಮುಂದಿನ ಅನಿಲವನ್ನು ಅಳಿಸಲಾಗುವುದಿಲ್ಲ. ಹಿಡಿದಿಡಬೇಕು, ಇಲ್ಲವೇ ಸುಣ್ಣದ ಕಲ್ಲನ್ನೇ ಕಡಿಮೆ ಬೇಡುವ ಸಿಮೆಂಟ್ ಮಾಡಬೇಕು.

ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ನನ್ನ ರಸಾಯನಶಾಸ್ತ್ರಕ್ಕೆ ಗಿರಾಕಿ ಅಂತ ಉಳಿದವರು ಶಿರಸಿಯ ಭಾವ ಒಬ್ಬರೇ. ಅವರದು ಅಡಿಕೆ ತೋಟ. ಮುಂಗಾರು ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ಹೊಡೆಸಬೇಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ನೂರು ವರ್ಷದ ಹಿಂದೆ ಮಲೆನಾಡಿಗೆ ಹೇಳಿಕೊಟ್ಟ ಮದ್ದನ್ನೇ ಇವತ್ತಿಗೂ ನಂಬಿಕೊಂಡಿದ್ದೇವೆ: ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಹೋದ ಸಲ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಬಂದು ಕೂತಿದ್ದ, ದ್ರಾವಣ ಮಾತ್ರ ಹದಕ್ಕೆ ಬರುತ್ತಿರಲಿಲ್ಲ. ಚೂರಿ ಅದ್ದಿ ತೆಗೆದರೆ ಅಲಗಿನ ಮೇಲೆ ತಾಮ್ರದ ಕೆಂಪು. ಸುಣ್ಣ ಸಾಲದು ಎಂಬ ಗುರುತು ಅದು. ಇನ್ನಷ್ಟು ಸುಣ್ಣ ಹಾಕಿದರು, ಮತ್ತೆ ಕೆಂಪು. ಮತ್ತಷ್ಟು ಹಾಕಿದರು.

ಚೀಲ ನೋಡಿದೆ. ಹಿಂದಿನ ವರ್ಷದ ಸರಕು, ಹೊಲಿಗೆ ಬಿಚ್ಚಿತ್ತು. ಒಂದು ಹಿಡಿ ತೆಗೆದು ನೀರು ಚಿಮುಕಿಸಿದರೆ ಬಿಸಿಯೂ ಇಲ್ಲ, ಸದ್ದೂ ಇಲ್ಲ. ಲಿಂಬೆಹಣ್ಣು ಹಿಂಡಿದೆ. ಬುರಬುರ ನೊರೆ.

"ಭಾವ, ಇದರಲ್ಲಿ ಸುಣ್ಣವೇ ಉಳಿದಿಲ್ಲ ನೋಡಿ. ಇಟ್ಟಲ್ಲೇ ಗಾಳಿ ಕುಡಿದು ತಿರುಗಿ ಕಲ್ಲಾಗಿದೆ."

"ಪುಡಿ ಪುಡಿ ಇದೆಯಲ್ಲೋ?"

"ಪುಡಿಯಾದ ಕಲ್ಲು. ನೂರು ಕೆ.ಜಿ.ಗೆ ನಲವತ್ತನಾಲ್ಕು ಕೆ.ಜಿ. ಬರೀ ಗಾಳಿಯದು."

ಭಾವ ಸ್ವಲ್ಪ ಹೊತ್ತು ಚೀಲವನ್ನೇ ನೋಡಿದರು. "ಅಂದರೆ ನಾನು ಗಾಳಿಗೆ ದುಡ್ಡು ಕೊಟ್ಟು, ಅದನ್ನ ಜೀಪಿನಲ್ಲಿ ಹೇರಿಕೊಂಡು ಬಂದೆ ಅನ್ನು" ಎಂದು ಅಲ್ಲೇ ಅಂಗಡಿಗೆ ಫೋನು ಹಚ್ಚಿದರು. ಆ ಕಡೆಯಿಂದ ಸುಣ್ಣಕ್ಕೇನಾಗಿದೆ ಎಂದು ಕೇಳಿದರೆಂದು ಕಾಣುತ್ತದೆ. ಭಾವ ಫೋನನ್ನು ನನ್ನ ಕೈಗೆ ಕೊಟ್ಟರು. "ನೀನೇ ಹೇಳು ಮಾರಾಯ, ಬಾಣ ಗೀಣ ಎಲ್ಲ ಹಾಕಿ ಸರಿಯಾಗಿ ಹೇಳು."